ಏಳು ಸಲ ಕೂಗದೆ: ಮನೆಯಲ್ಲಿ ಮಕ್ಕಳಿಗೆ ಒಳ್ಳೆಯ ರೂಢಿ ಹಾಕುವುದು ಹೇಗೆ?

ನಮ್ಮ ವಿಜಯಪುರದ ಗೋಲಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇದು ಉಲ್ಟಾ ಇತ್ತು. ನಾನು ಏಳು ಸಲ ಕೂಗಿದರೆ ಮಕ್ಕಳಿಗೆ ಒಮ್ಮೆ ಕೇಳುತ್ತಿತ್ತು. "ಏಳ್ರಿ", "ಹಲ್ಲು ತಿಕ್ರಿ", "ಚೀಲಾ ಎಲ್ಲಿ ಒಗದಿ?", "ಆ ಮೊಬೈಲ್ ಕೆಳಗಿಡು". ಒಂದು ದಿನ ಮಗಳು ಸುಮ್ಮನೆ ಚಾಕ್‌ಪೀಸ್ ತಗೊಂಡು ಅಡುಗೆಮನೆಯ ಬಾಗಿಲ ಹಿಂದೆ ಗೆರೆ ಎಳೆಯುತ್ತ ಹೋದಳು. ನಾನು ಕೂಗಿದ್ದಕ್ಕೆಲ್ಲ ಒಂದೊಂದು ಗೆರೆ. ಶಾಲೆಯ ಗಾಡಿ ಬರುವ ಹೊತ್ತಿಗೆ 23 ಗೆರೆ ಬಿದ್ದಿದ್ದವು. "ಯವ್ವಾ, ಇವತ್ತ ಇಪ್ಪತ್ಮೂರು ಸಲ ಒದರಿದಿ" ಎಂದು ನಗುತ್ತ ಗಾಡಿ ಹತ್ತಿದಳು. ನನಗೆ ನಗು ಬರಲಿಲ್ಲ.

ಆಗ ಅವಳಿಗೆ ಎಂಟು ವರ್ಷ, ತಮ್ಮನಿಗೆ ಐದು. ಅದಾಗಿ ಎರಡು ವರ್ಷವಾಯಿತು. ಈ ನಡುವೆ ಮಾಡಿ ನೋಡಿದ್ದನ್ನೆಲ್ಲ, ಕೆಟ್ಟುಹೋಗಿದ್ದನ್ನೂ ಸೇರಿಸಿ, ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮೂರರಿಂದ ಹನ್ನೆರಡು ವರ್ಷದ ಮಕ್ಕಳಿರುವ ಮನೆಗೆ ಇದು ಹೊಂದುತ್ತದೆ.

ನಮ್ಮ ಕಡೆ ಚಟ, ರೂಢಿ ಅಂತ ಎರಡು ಮಾತಿವೆ. ಚಟ ತಾನೇ ಹತ್ತುತ್ತದೆ. ರೂಢಿಯನ್ನು ಹಾಕಬೇಕು. ಹಾಕುವುದು ಅಂದರೆ ಹೇಳುವುದು ಎಂದು ನಾನು ತಿಳಿದಿದ್ದೆ, ಎಡವಿದ್ದೂ ಅಲ್ಲೇ. ರೂಢಿಯಾದ ಕೆಲಸವನ್ನು ಕೈ ತಾನೇ ಮಾಡುತ್ತದೆ, ಯೋಚನೆ ಬೇಕಿಲ್ಲ. ಒಂದು ಜಾಗಕ್ಕೆ ಬಂದ ಕೂಡಲೇ, ಒಂದು ಸಪ್ಪಳ ಕೇಳಿದ ಕೂಡಲೇ, ಇನ್ನೊಂದು ಕೆಲಸ ಮುಗಿದ ಕೂಡಲೇ ಅದು ಶುರುವಾಗುತ್ತದೆ. ನಾನು ಕೂಗಿದಾಗ ಮಾತ್ರ ಆಗುವ ಕೆಲಸಕ್ಕೆ ನನ್ನ ಕೂಗೇ ಗುರುತು. ಕೂಗು ನಿಂತರೆ ಕೆಲಸವೂ ನಿಂತಿತು. ಹಾಗಾಗಿ ನಮ್ಮ ಬಾಯಿಯ ಜಾಗಕ್ಕೆ ಮನೆಯೊಳಗಿನ ಬೇರೊಂದು ಗುರುತನ್ನು ತಂದು ಕೂರಿಸಬೇಕು. ಕೆಳಗಿರುವುದೆಲ್ಲ ಅದರ ವಿವರ.

ಹಂತ 1: ಒಂದು ವಾರ ಬಾಯಿ ಮುಚ್ಚಿ ನೋಡಿ

ಏನನ್ನೂ ತಿದ್ದಲು ಹೋಗಬೇಡಿ. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾವುದಕ್ಕೆ ಜಗಳ ಆಯಿತು ಎಂದು ಬರೆಯಿರಿ. ಇಡೀ ದಿನ ಜಗಳ ಎಂದು ನನಗೆ ಅನಿಸುತ್ತಿತ್ತು. ಬರೆದು ನೋಡಿದರೆ ಎರಡೇ ಹೊತ್ತು: ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚಿನ ಅರ್ಧ ಗಂಟೆ, ಸಂಜೆ ಶಾಲೆಯಿಂದ ಬಂದ ಮೇಲಿನ ಅರ್ಧ ಗಂಟೆ.

ಇನ್ನೊಂದೂ ಕಂಡಿತು. ಮಗ ಪಾಟಿಚೀಲವನ್ನು ಪಡಸಾಲೆಯ ನಡುವೆ ಒಗೆಯುತ್ತಿದ್ದ. ಚೀಲ ತೂಗುಹಾಕುವ ಗೂಟ ಇದ್ದದ್ದು ನನ್ನ ತಲೆಯ ಮಟ್ಟಕ್ಕೆ. ಊಟಕ್ಕೆ ಮುಂಚೆ ಕೈ ತೊಳೆಯುವುದಿಲ್ಲ ಎಂದು ಬೈಯುತ್ತಿದ್ದೆ. ಸಾಬೂನು ಅವನ ಕೈಗೆ ನಿಲುಕುತ್ತಿರಲಿಲ್ಲ. ಒಂದು ವರ್ಷ ಬೈದಿದ್ದೆ ನೋಡಿ, ಒಮ್ಮೆಯೂ ಅವನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಅವನ ಎತ್ತರದಿಂದ ನೋಡಿರಲಿಲ್ಲ.

ಹಂತ 2: ಒಂದೇ ಒಂದನ್ನು ಆರಿಸಿ

ಮೊದಲ ಸಲ ನಾನು ಹನ್ನೊಂದು ಸಾಲಿನ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ಬಣ್ಣದ ಸ್ಕೆಚ್‌ಪೆನ್ನಿನಲ್ಲಿ, ಚೆಂದಾಗಿ. ಮೂರನೇ ದಿನಕ್ಕೆ ಅದರ ಮೇಲೆ ಯಾರೋ ಕರೆಂಟ್ ಬಿಲ್ ಸಿಕ್ಕಿಸಿದ್ದರು.

ಒಂದು ಸಲಕ್ಕೆ ಒಂದೇ ರೂಢಿ. ಅದೂ ಕಣ್ಣಿಗೆ ಕಾಣುವಂಥದ್ದು. "ಶಿಸ್ತಿನಿಂದ ಇರು" ಎಂದರೆ ಮಗುವಿಗೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. "ಬಂದ ಕೂಡಲೇ ಚೀಲ ಗೂಟಕ್ಕೆ" ಎಂದರೆ ತಿಳಿಯುತ್ತದೆ. ಬಾಗಿಲಲ್ಲಿ ನಿಂತ ಪಕ್ಕದ ಮನೆಯವರು ನೋಡಿ "ಆಗೈತಿ" ಅಥವಾ "ಆಗಿಲ್ಲ" ಎಂದು ಹೇಳುವಂತಿರಬೇಕು. ಹಾಗೆ ಹೇಳಲು ಬರದಿದ್ದರೆ ಇನ್ನೂ ಸಣ್ಣದು ಮಾಡಿ.

ಯಾವುದು ಮೊದಲು? ಐದರ ಒಳಗಿನವರಿಗೆ ಕೈ ತೊಳೆಯುವುದು. ಆರರಿಂದ ಹತ್ತರವರಿಗೆ ಚೀಲ, ಚಪ್ಪಲಿಯ ಜಾಗ. ಹತ್ತು ದಾಟಿದವರನ್ನು ಕೇಳಿಯೇ ಆರಿಸಿ. ನಾವು ಆರಿಸಿ ಕೊಟ್ಟರೆ ಅವರು ಅದನ್ನು ಕೆಡಿಸುವುದರಲ್ಲೇ ಖುಷಿ ಕಾಣುತ್ತಾರೆ. ಓದನ್ನು ಮಾತ್ರ ಮೊದಲನೆಯದಾಗಿ ಆರಿಸಬೇಡಿ. ನಮ್ಮ ಆಸೆ ಅಲ್ಲೇ ಜಾಸ್ತಿ, ಸಿಟ್ಟೂ ಅಲ್ಲೇ ಜಾಸ್ತಿ.

ಹಂತ 3: ಗೂಟ ಹುಡುಕಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಕರುವನ್ನು ಗೂಟಕ್ಕೆ ಕಟ್ಟುತ್ತೇವೆ, ಗಾಳಿಗೆ ಕಟ್ಟುವುದಿಲ್ಲ. ಹೊಸ ರೂಢಿಯನ್ನೂ ಮನೆಯಲ್ಲಿ ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಬೇಕು.

ಗಡಿಯಾರವನ್ನು ಗೂಟ ಮಾಡಿ ನಾನು ಸೋತೆ. ಐದು ವರ್ಷದವನಿಗೆ "ಏಳು ಗಂಟೆಗೆ" ಎಂದರೆ ಏನೂ ಅಲ್ಲ. ನಮ್ಮ ಮನೆಗಳಲ್ಲಿ ಇದಕ್ಕಿಂತ ಗಟ್ಟಿಯಾದ ಗೂಟಗಳಿವೆ. ರೊಟ್ಟಿ ಬಡಿಯುವ ಸಪ್ಪಳ ತಗೊಳ್ಳಿ. ಜೋಳದ ರೊಟ್ಟಿ ಇಲ್ಲದ ರಾತ್ರಿ ನಮ್ಮಲ್ಲಿ ಕಡಿಮೆ, ಆ ಟಪ ಟಪ ಸಪ್ಪಳ ಓಣಿಯ ತುದಿಗೂ ಕೇಳುತ್ತದೆ. ಮೊದಲ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಕೈ ತೊಳೆದು ತಾಟು, ನೀರು ಇಡುವುದು ಎಂದು ಮಾಡಿದೆವು. ಈಗ ನಾನು ಏನೂ ಹೇಳುವುದಿಲ್ಲ. ಹಿಟ್ಟು ತಟ್ಟಿದರೆ ಸಾಕು, ತಾಟು ಸಪ್ಪಳ ಮಾಡುತ್ತವೆ. ಒಮ್ಮೆ ಮಧ್ಯಾಹ್ನ ಮೂರಕ್ಕೆ ನೆಂಟರಿಗೆ ಕಟ್ಟಿಕೊಡಲು ರೊಟ್ಟಿ ಬಡಿದೆ. ಮಗ ಕೈ ತೊಳೆದು ತಾಟು ಹಿಡಿದು ಬಂದು ನಿಂತಿದ್ದ!

ಸಂಜೆ ದೇವರ ಮುಂದೆ ದೀಪ ಹಚ್ಚುವುದು ಇನ್ನೊಂದು ಗೂಟ. ಮಸೀದಿಯ ಆಜಾನ್, ಗುಡಿಯ ಗಂಟೆ ಕೇಳುವ ಓಣಿಯಾದರೆ ಅವೂ ಆಗುತ್ತವೆ. ಆಟ ಬಿಟ್ಟು ಮನೆಗೆ ಬರುವ ಗುರುತಾಗಿ ನಮ್ಮ ಓಣಿಯ ಮಕ್ಕಳೆಲ್ಲ ಅದನ್ನೇ ಇಟ್ಟುಕೊಂಡಿದ್ದಾರೆ, ಯಾವ ಜಾತಿಯವರೇ ಇರಲಿ. ರಾತ್ರಿ ಹಲ್ಲು ತಿಕ್ಕುವುದನ್ನು ಹಾಸಿಗೆ ಹಾಸುವುದಕ್ಕೆ ಕಟ್ಟಿ: ಹಾಸಿಗೆ ಬಿಚ್ಚಿದ ಮೇಲೆ ಬಚ್ಚಲಿಗೆ.

ನೀರು ಬಿಡುವ ದಿನವನ್ನು ಮಾತ್ರ ದಿನದ ಕೆಲಸಕ್ಕೆ ಗೂಟ ಮಾಡಬೇಡಿ. ನಳದಲ್ಲಿ ದಿನಾ ನೀರು ಬರದ ಓಣಿಗಳೇ ಹೆಚ್ಚು, ಬರುವ ದಿನವೂ ಹೆಚ್ಚು ಕಡಿಮೆ ಆಗುತ್ತದೆ. ಆದರೆ ಆಗೀಗ ಮಾಡುವ ಕೆಲಸಕ್ಕೆ ಅದು ಬಹಳ ಒಳ್ಳೆಯದು. ನೀರು ಬಂದ ದಿನ ಮಗಳು ಇಬ್ಬರ ನೀರಿನ ಬಾಟಲಿಯನ್ನೂ ಬ್ರಷ್ ಹಾಕಿ ತೊಳೆಯುತ್ತಾಳೆ, ಮಗ ತನ್ನ ಬೂಟು ಒರೆಸುತ್ತಾನೆ.

ಗೂಟ ಸಿಕ್ಕ ಮೇಲೆ ಅದನ್ನು ಒಂದು ಸಾಲಿನ ಮಾತು ಮಾಡಿ: "ಇದು ಆದ ಮೇಲೆ ಅದು." ಆ ಮಾತನ್ನು ಮಗುವಿನ ಬಾಯಿಂದಲೇ ಹೇಳಿಸಿ. "ಹಲ್ಲು ತಿಕ್ಕಿದ ಮ್ಯಾಲ ಹಾಲು." ನಾವು ಹೇಳಿದರೆ ಅದು ಹುಕುಂ. ಅವರೇ ಹೇಳಿದರೆ ಒಪ್ಪಂದ.

ಹಂತ 4: ಕೈಗೆ ನಿಲುಕುವಂತೆ ಜಾಗ ಮಾಡಿ

ಒಂದು ಭಾನುವಾರ ಸುತ್ತಿಗೆ, ನಾಲ್ಕು ಮೊಳೆ ಹಿಡಿದು ಕೂತೆವು. ಚೀಲದ ಗೂಟ ಮಗನ ಎದೆಯ ಮಟ್ಟಕ್ಕೆ ಇಳಿಯಿತು. ಬಚ್ಚಲ ಹತ್ತಿರ ಒಂದು ಮಣೆ ಬಂತು. ಸಾಬೂನನ್ನು ಜಾಳಿಗೆಯಲ್ಲಿ ಹಾಕಿ ನಳಕ್ಕೆ ಕಟ್ಟಿದೆವು, ಜಾರಿ ಬೀಳುವ ತಾಪತ್ರಯ ತಪ್ಪಿತು. ಚಪ್ಪಲಿ ಬಿಡುವ ಜಾಗದಲ್ಲಿ ಮಗಳು ಸುಣ್ಣದಲ್ಲಿ ನಾಲ್ಕು ಜೋಡಿ ಪಾದ ಬರೆದಳು. ಖರ್ಚು ನೂರು ರೂಪಾಯಿಯೂ ಆಗಲಿಲ್ಲ. ಆ ವಾರವೇ ಕೂಗು ಅರ್ಧಕ್ಕೆ ಇಳಿಯಿತು.

ಬೇಡದ್ದಕ್ಕೆ ಇದರ ಉಲ್ಟಾ ಮಾಡಿ, ದೂರ ಇಡಿ. ಚಿಪ್ಸ್, ಬಿಸ್ಕೀಟಿನ ಡಬ್ಬಿ ಅಟ್ಟದ ಮೇಲೆ ಇರಲಿ. ಕೈಗೆಟುಕುವಲ್ಲಿ ಹುರಿದ ಶೇಂಗಾ, ಪುಠಾಣಿ, ಬಾಳೆಹಣ್ಣು ಇರಲಿ. (ತೀರ ಸಣ್ಣ ಮಕ್ಕಳಿದ್ದರೆ ಶೇಂಗಾ, ಪುಠಾಣಿಯನ್ನೂ ಮೇಲೇ ಇಡಿ, ಗಂಟಲಲ್ಲಿ ಸಿಕ್ಕುತ್ತವೆ.)

ಹಂತ 5: ಮೊದಲು ಜೊತೆಗೆ ಮಾಡಿ, ಆಮೇಲೆ ಕೈ ಬಿಡಿ

ಸೈಕಲ್ ಕಲಿಸಿದ ಹಾಗೆ. ಮೊದಲು ನಾನು ಮಾಡುವೆ, ನೀನು ನೋಡು. ಆಮೇಲೆ ಇಬ್ಬರೂ ಕೂಡಿ. ಆಮೇಲೆ ನೀನು ಮಾಡು, ನಾನು ಇಲ್ಲೇ ನಿಂತಿರುವೆ. ಕೊನೆಗೆ ನೀನು ಮಾಡು, ನಾನು ಹಾಯ್ದು ಹೋಗುವಾಗ ಒಮ್ಮೆ ಕಣ್ಣು ಹಾಯಿಸುವೆ. ನಾವು ಮಾಡುವ ತಪ್ಪು ಒಂದೇ. ಮೊದಲನೆಯದರಿಂದ ನೇರ ಕೊನೆಯದಕ್ಕೆ ಜಿಗಿದುಬಿಡುತ್ತೇವೆ.

ಹಲ್ಲಿನ ವಿಷಯದಲ್ಲಿ ಅವಸರ ಬೇಡ. ಏಳೆಂಟು ವರ್ಷದವರೆಗೂ ಮಕ್ಕಳ ಕೈ ಹಿಂದಿನ ದವಡೆಗೆ ಸರಿಯಾಗಿ ತಿರುಗುವುದಿಲ್ಲ. ಅಲ್ಲಿಯವರೆಗೆ ಅವರು ತಿಕ್ಕಿದ ಮೇಲೆ ನೀವೊಮ್ಮೆ ತಿಕ್ಕಿ. ದಿನಕ್ಕೆ ಎರಡು ಸಲ, ಒಂದೊಂದು ಸಲ 2 ನಿಮಿಷ. ಮೂರು ವರ್ಷದ ಒಳಗಿನವರಿಗೆ ಪೇಸ್ಟು ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರಿಗೆ ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ತುಂಬ ಬಳಿಯುವುದು ಪೇಸ್ಟು ಬೇಗ ಖಾಲಿಯಾಗಲಿ ಅಂತ!

ಕೈ ತೊಳೆಯುವುದಕ್ಕೆ ಸಾಬೂನು ಹಚ್ಚಿ 20 ಸೆಕೆಂಡು ತಿಕ್ಕಬೇಕು. ಮಕ್ಕಳಿಗೆ ಸೆಕೆಂಡು ಬೇಡ, ನಿಧಾನಕ್ಕೆ ಇಪ್ಪತ್ತರವರೆಗೆ ಎಣಿಸಲು ಹೇಳಿ. ಆ ಹೊತ್ತಿಗೆ ನಳ ಬಂದ್ ಇರಲಿ. ನಮ್ಮ ಊರಲ್ಲಿ ಅದನ್ನು ಬೇರೆ ಪಾಠ ಮಾಡಿ ಹೇಳಬೇಕಿಲ್ಲ. ಬ್ಯಾರಲ್ ಖಾಲಿಯಾದ ಬೇಸಿಗೆ ನೋಡಿದ ಮಕ್ಕಳು ಇವು.

ಹಂತ 6: ಮನೆಯ ಹಿರಿಯರಿಗೆ ಪಾಲು ಕೊಡಿ

ಇಲ್ಲಿ ನನ್ನದು ದೊಡ್ಡ ತಪ್ಪಿದೆ. ನಾನು ಮಗನಿಗೆ "ತಾಟು ನೀನs ತೆಗಿ" ಎಂದರೆ ನಮ್ಮ ಅತ್ತೆ, "ಸಣ್ಣ ಕೂಸೈತಿ ಬಿಡವಾ, ದೊಡ್ಡಾವಾದ ಮ್ಯಾಲ ತಾನs ಕಲೀತಾನು" ಎಂದು ತಾವೇ ಎತ್ತುತ್ತಿದ್ದರು. ನಾನು ಮಕ್ಕಳ ಮುಂದೆಯೇ ವಾದಕ್ಕಿಳಿದೆ. ಗೆದ್ದವನು ಮಗ. ಎರಡು ಕೋರ್ಟು ಇದ್ದರೆ ಯಾವ ಕೋರ್ಟಿಗೆ ಹೋಗಬೇಕು ಅಂತ ಮಕ್ಕಳಿಗೆ ಗೊತ್ತಿರುತ್ತದೆ ಅಲ್ವಾ?

ಆಮೇಲೆ ಒಂದು ಮಧ್ಯಾಹ್ನ ಅತ್ತೆ ಕಾಳು ಹಸನು ಮಾಡುತ್ತ ಕೂತಿದ್ದಾಗ ಪಕ್ಕ ಹೋಗಿ ಕೂತೆ.

"ಅತ್ತಿ, ಸಂಜೀಕ ನೀವು ದೀಪಾ ಹಚ್ಚತೀರಲ್ರಿ, ಆವಾಗ ಇಬ್ರನ್ನೂ ಕೈಕಾಲು ತೊಳಿಸಿ ನಿಮ್ಮ ಹಂತ್ಯಾಕ ಕೂಡ್ರಿಸ್ಕೋರಿ. ನನ್ನ ಮಾತು ಕೇಳಂಗಿಲ್ಲ ಅವ್ರು."

"ನಾ ಹೇಳಿದ್ರ ಕೇಳ್ತಾವೇನ?"

"ನೀವು ಹೇಳೂದs ಬ್ಯಾಡ್ರಿ. ಕಡ್ಡಿ ಗೀರಿದ್ರ ಸಾಕು."

ಅಂದಿನಿಂದ ಆ ಹೊತ್ತು ಅವರದಾಯಿತು. ದೀಪ, ಆಮೇಲೆ ಒಂದು ಕತೆ, ಆಮೇಲೆ ಅಲ್ಲೇ ಪುಸ್ತಕ. ನಾನು ಎಷ್ಟೋ ತಿಂಗಳು ಹೆಣಗಿದರೂ ಆಗದ ಸಂಜೆಯ ಓದು ಕತೆಯ ಬೆನ್ನು ಹತ್ತಿ ಬಂತು. ತಾಟಿನ ವಿಷಯದಲ್ಲಿ ಈಗಲೂ ಅವರು ಮೊಮ್ಮಗನ ಪಕ್ಷವೇ. ನಾನು ನೋಡದ ಹಾಗೆ ಮಾಡುತ್ತೇನೆ.

ಮನೆಯ ಗಂಡಸರಿಗೂ ಇದೇ ಮಾತು. ಅಪ್ಪ ಬೂಟು ಬಾಗಿಲಲ್ಲಿ ಒಗೆದು ಒಳಗೆ ಬಂದರೆ ಸುಣ್ಣದ ಪಾದಕ್ಕೆ ಬೆಲೆಯಿಲ್ಲ.

ಹಂತ 7: ಹೊಗಳಿ, ಆದರೆ ವ್ಯಾಪಾರಕ್ಕೆ ಇಳಿಯಬೇಡಿ

"ಹಲ್ಲು ತಿಕ್ಕಿದರೆ ಚಾಕಲೇಟ್" ಎಂದು ನಾನೂ ಮಾಡಿದ್ದೇನೆ. ಹಲ್ಲಿಗೆ ಚಾಕಲೇಟೇ ಬಹುಮಾನ, ಎಂಥ ಬುದ್ಧಿ! ಎರಡನೇ ವಾರ ಮಗ "ಎರಡು ಕೊಟ್ಟರ ತಿಕ್ಕತೀನಿ" ಎಂದ.

1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಚಿತ್ರ ಬರೆಯಲು ಮೊದಲೇ ಇಷ್ಟವಿದ್ದ ಮಕ್ಕಳು ಅವರು. ಕೆಲವರಿಗೆ "ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿ ಬರೆಸಿದರು. ಆಮೇಲಿನ ದಿನಗಳಲ್ಲಿ ಆ ಮಕ್ಕಳು ತಾವಾಗಿ ಚಿತ್ರ ಬರೆಯಲು ಕೂತದ್ದು ಉಳಿದವರಿಗಿಂತ ಕಡಿಮೆ. ಹೇಳದೆ ಕೊನೆಗೆ ಅಚಾನಕ್ಕಾಗಿ ಕೊಟ್ಟವರಲ್ಲಿ ಹಾಗಾಗಲಿಲ್ಲ. ಅಂದರೆ ಬಹುಮಾನ ತಪ್ಪಲ್ಲ, ಮೊದಲೇ ದರ ಕೂಗುವುದು ತಪ್ಪು.

ಕಂಡದ್ದನ್ನು ಕಂಡ ಹಾಗೆ ಹೇಳಿ. "ನೀ ಭಾಳ ಶಾಣ್ಯಾ" ಎನ್ನುವುದಕ್ಕಿಂತ "ಚೀಲ ಗೂಟಕ್ಕ ಹಾಕೀಯಲ್ಲ, ನಾ ನೋಡಿದೆ" ಎನ್ನುವುದು ಜಾಸ್ತಿ ದಿನ ನಿಲ್ಲುತ್ತದೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಲು ಬಿಡಿ, ಗುರುತನ್ನು ಮಗುವೇ ಹಾಕಲಿ. ಮಗಳ ಚಾಕ್‌ಪೀಸ್ ಗೆರೆ ಈಗಲೂ ನಡೆದಿದೆ, ಲೆಕ್ಕ ಮಾತ್ರ ಬೇರೆ.

ಹಂತ 8: ಎಷ್ಟು ದಿನ ಕಾಯಬೇಕು?

21 ದಿನ ಮಾಡಿದರೆ ರೂಢಿಯಾಗುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ. ನಾನು 21 ಎಣಿಸಿ, 22ನೇ ದಿನ ಹೇಳುವುದನ್ನು ಬಿಟ್ಟೆ. 23ನೇ ದಿನ ಚೀಲ ಪಡಸಾಲೆಯ ನಡುವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು 12 ವಾರ ಗಮನಿಸಿ, 2009ರಲ್ಲಿ ಅದರ ಫಲವನ್ನು ಹೊರತಂದರು. ಒಂದು ಕೆಲಸ ತಾನೇ ತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕಾಗಿತ್ತು. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದವರೆಗೆ ಹೋಗಿತ್ತು. ಅವರೆಲ್ಲ ದೊಡ್ಡವರು, ಮಕ್ಕಳಲ್ಲ. ಆದರೂ ನನಗೆ ಅದರಲ್ಲಿ ಸಮಾಧಾನ ಕೊಟ್ಟ ಮಾತು ಬೇರೆ ಇತ್ತು: ನಡುವೆ ಒಂದು ದಿನ ತಪ್ಪಿದರೆ ಆಗಿದ್ದು ಕೆಡುವುದಿಲ್ಲ.

ಸರಳ ಕೆಲಸಕ್ಕೆ ಎರಡು ತಿಂಗಳು ಎಂದು ಹಿಡಿಯಿರಿ. ಕಷ್ಟದ್ದಕ್ಕೆ ಇನ್ನೂ ಜಾಸ್ತಿ.

ಹಂತ 9: ತಪ್ಪುವ ದಿನಗಳಿಗೆ ಮೊದಲೇ ತಯಾರಾಗಿ

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದೆ. ಮನೆ ತುಂಬ ನೆಂಟರು, ರಾತ್ರಿ ಮದ್ದು ಸುಡುವುದು ನೋಡಿ ಬಂದು ಮಲಗುವಾಗ ಎಷ್ಟು ಹೊತ್ತೋ. ಆ ದಿನಗಳಲ್ಲಿ ನಿಯಮ ಹಿಡಿದು ಕೂರಬೇಡಿ. ಮಕ್ಕಳಿಗೆ ಹೇಳಿಬಿಡಿ: "ಜಾತ್ರಿ ಮುಗಿಯೂತನಾ ಸೂಟಿ. ಮುಗಿದ ಮರುದಿನ ಮತ್ತ ಶುರು." ಸೂಟಿ ಕೊಟ್ಟದ್ದು ನಾವು ಎಂದು ತಿಳಿದರೆ ಮರಳಿ ಬರುವುದು ಸುಲಭ. ತಾನಾಗಿ ಕೈತಪ್ಪಿದರೆ ಮರಳುವುದು ಕಷ್ಟ.

ಬೇಸಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ. ಬಿಸಿಲಿನ ದೆಸೆಯಿಂದ ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆಗಳಲ್ಲಿ ಸರಕಾರಿ ಕಚೇರಿಯ ವೇಳೆಯೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ನಮ್ಮವರು ಏಳೂವರೆಗೇ ಹೊರಡುತ್ತಾರೆ, ಮಕ್ಕಳಿಗೆ ಶಾಲೆಯಿಲ್ಲ, ಊಟ ನಿದ್ದೆ ಎಲ್ಲ ಅದಲು ಬದಲು. ಗಂಟೆಗೆ ಕಟ್ಟಿದ್ದ ರೂಢಿಗಳು ಮೊದಲ ಬೇಸಿಗೆಯಲ್ಲೇ ಉದುರಿದವು. ರೊಟ್ಟಿ ಸಪ್ಪಳಕ್ಕೆ, ದೀಪಕ್ಕೆ ಕಟ್ಟಿದ್ದವು ಉಳಿದವು. ರೊಟ್ಟಿ ಎಷ್ಟೊತ್ತಿಗೆ ಬಡಿದರೂ ಸಪ್ಪಳ ಅದೇ ತಾನೆ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುತ್ತೇವೆ. ಆಗ ಹಾಸಿಗೆ ಮೇಲೆ, ಬ್ರಷ್ ಕೆಳಗೆ. ಒಂದು ವಾರ ಯಾರೂ ರಾತ್ರಿ ಹಲ್ಲು ತಿಕ್ಕಲಿಲ್ಲ. ಆಮೇಲೆ ಬ್ರಷ್ಷು, ಪೇಸ್ಟು, ಒಂದು ಚರಿಗೆ ನೀರು ಹಾಸಿಗೆಯ ಜೊತೆಗೇ ಮೇಲೆ ಹೋಗತೊಡಗಿದವು. ಗೂಟ ಎಲ್ಲಿಗೆ ಹೋದರೆ ಕರುವೂ ಅಲ್ಲಿಗೆ.

ಹಂತ 10: ಮೊಬೈಲ್ ಮತ್ತು ನಿದ್ದೆ

ಇವೆರಡನ್ನೂ ಬೇರೆ ಬೇರೆ ಮಾಡಲು ಹೋಗಬೇಡಿ, ಒಂದರ ಬಾಲ ಇನ್ನೊಂದರ ಕೈಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡು ವರ್ಷದ ಒಳಗಿನ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕೂ ಕಡಿಮೆಯಾದರೆ ಒಳ್ಳೆಯದು. ನಿದ್ದೆ ಮೂರು, ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ಬೇಕು. ಆರರಿಂದ ಹನ್ನೆರಡರವರಿಗೆ 9ರಿಂದ 12 ಗಂಟೆ ಎನ್ನುತ್ತಾರೆ ನಿದ್ದೆಯ ತಜ್ಞರು.

ಲೆಕ್ಕ ಹಾಕಿ ನೋಡಿ. ಮಗು ಬೆಳಿಗ್ಗೆ ಆರೂವರೆಗೆ ಏಳಬೇಕಾದರೆ ಒಂಬತ್ತೂವರೆಯೊಳಗೆ ಕಣ್ಣು ಮುಚ್ಚಿರಬೇಕು, ಅದೂ ಕನಿಷ್ಠ ಲೆಕ್ಕಕ್ಕೆ. ನಮ್ಮ ಮನೆಯಲ್ಲಿ ಒಂಬತ್ತೂವರೆಗೆ ಧಾರಾವಾಹಿಯ ಜಗಳ ರಂಗೇರುತ್ತಿತ್ತು. ಬೆಳಿಗ್ಗೆಯ ಆ 23 ಗೆರೆಗಳಲ್ಲಿ ಅರ್ಧ ಹಿಂದಿನ ರಾತ್ರಿಯವೇ ಎಂದು ನನಗೆ ಆಮೇಲೆ ಹೊಳೆಯಿತು. ನಿದ್ದೆ ಸಾಲದ ಮಗು ಮೊಂಡು ಹಿಡಿಯುತ್ತದೆ, ನಾವು ಅದಕ್ಕೆ ಹಟಮಾರಿ ಎಂದು ಹೆಸರಿಡುತ್ತೇವೆ.

ಮಾಡಿದ್ದು ಇಷ್ಟು. ಪಡಸಾಲೆಯಲ್ಲಿ ಒಂದು ಹಳೆಯ ಸ್ಟೀಲ್ ಡಬ್ಬಿ ಇಟ್ಟೆವು, ಚಾರ್ಜರ್ ಅದರ ಪಕ್ಕ. ರೊಟ್ಟಿ ಸಪ್ಪಳ ಶುರುವಾದರೆ ಎಲ್ಲರ ಮೊಬೈಲೂ ಡಬ್ಬಿಗೆ, ನನ್ನದೂ ಸೇರಿ. ಫೋನ್ ಬಂದರೆ ಎದ್ದು ಹೋಗಿ ನಿಂತು ಮಾತಾಡಬೇಕು, ಕೂತಲ್ಲಿಗೆ ತರುವಂತಿಲ್ಲ. ಮಲಗುವ ಹೊತ್ತನ್ನು ಒಮ್ಮೆಲೇ ಒಂದು ಗಂಟೆ ಹಿಂದಕ್ಕೆ ಎಳೆಯಲಿಲ್ಲ, ಮೂರು ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಜರುಗಿಸಿದೆವು. ಮೊದಲ ವಾರ ಮಗ ಅತ್ತ, ಹೊರಳಾಡಿದ. ಅಷ್ಟೇ ಕಷ್ಟಪಟ್ಟವರು ಅವನ ಅಪ್ಪ, ಅಳಲಿಲ್ಲ ಅಷ್ಟೆ.

ಊಟದ ಬಗ್ಗೆ ಎರಡೇ ಮಾತು. ಮೊಬೈಲ್ ತೋರಿಸಿ ತಿನ್ನಿಸಬೇಡಿ. ಹೊಸ ಪಲ್ಯವನ್ನು ಮಗು ಒಂದು ಸಲ ಬೇಡ ಎಂದರೆ ಬಿಟ್ಟುಬಿಡಬೇಡಿ, ಒತ್ತಾಯವನ್ನೂ ಮಾಡಬೇಡಿ. ಹತ್ತು ಸಲವಾದರೂ ತಾಟಿನ ಅಂಚಿನಲ್ಲಿ ಒಂದು ಚಮಚ ಬೀಳಲಿ. ಪುಂಡಿ ಪಲ್ಯ ನಮ್ಮಲ್ಲಿ ಒಂಬತ್ತನೇ ಸಲಕ್ಕೆ ಒಳಗೆ ಹೋಯಿತು.

ರೂಢಿಯ ವಿಷಯವೇ ಅಲ್ಲದ್ದು

ಕೆಲವನ್ನು ನಾವು ಕೆಟ್ಟ ಚಟ ಎಂದು ತಿಳಿಯುತ್ತೇವೆ, ಅದು ಬೇರೆ ಏನೋ ಆಗಿರುತ್ತದೆ. ಪುಸ್ತಕವನ್ನು ಮೂಗಿಗೆ ಹಿಡಿದು ಓದುವ, ಟಿವಿಯ ಹತ್ತಿರ ಹೋಗಿ ಕೂರುವ ಮಗುವಿನ ಕಣ್ಣು ತೋರಿಸಿ. ಐದಾರು ವರ್ಷದ ಮಗು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿದರೆ ಬೈಯಬೇಡಿ, ಅದು ಬೇಕಂತ ಮಾಡುವುದಲ್ಲ. ದೊಡ್ಡದಾದ ಮೇಲೂ ಮುಂದುವರಿದರೆ, ಅಥವಾ ನಿಂತುಹೋಗಿದ್ದು ಮತ್ತೆ ಶುರುವಾದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಎರಡನೆಯದು ಯಾವಾಗ?

ನೀವು ಹೇಳುವುದನ್ನೇ ಮರೆತಿರುತ್ತೀರಿ, ವಾರ ಕಳೆದ ಮೇಲೆ ನೆನಪಾಗಿ ನೋಡಿದರೆ ಕೆಲಸ ನಡೆದೇ ಇರುತ್ತದೆ. ಆವಾಗ. ಅದಕ್ಕೆ ಮುಂಚೆ ಬೇಡ. ನಮ್ಮಲ್ಲಿ ಎರಡು ವರ್ಷಕ್ಕೆ ಆರು ರೂಢಿಗಳು ನಿಂತಿವೆ: ಚೀಲ, ಕೈ, ತಾಟು, ದೀಪದ ಹೊತ್ತಿನ ಓದು, ರಾತ್ರಿಯ ಹಲ್ಲು, ಮೊಬೈಲ್ ಡಬ್ಬಿ. ಏಳನೆಯದಕ್ಕೆ ಸ್ನಾನವಾದ ಮೇಲೆ ಒದ್ದೆ ಟವೆಲ್ ಹಗ್ಗಕ್ಕೆ ಹಾಕುವುದನ್ನು ಆರಿಸಿ ಮೂರು ತಿಂಗಳಾಯಿತು. ಮಕ್ಕಳಿಬ್ಬರೂ ಹಾಕುತ್ತಾರೆ. ಬಾಗಿಲ ಹಿಂದೆ ಮಗಳು ಈಗ ಎಳೆಯುತ್ತಿರುವ ಗೆರೆಗಳೆಲ್ಲ ಅವಳ ಅಪ್ಪನವು. ಹೋದ ವಾರ 5 ಇದ್ದವು, ಈ ವಾರ 3.